ಎಪಿ ಗೌರ್ನಮೆಂಟ್ ಪರೀಕ್ಷೆಗೆ ಆರು ವಾರದ ಓದು: ಅಮೆರಿಕದ ಸರ್ಕಾರವನ್ನು ಅರ್ಥಮಾಡಿಕೊಂಡು ಬರೆಯುವ ದಾರಿ

ನನ್ನ ಅಕ್ಕನ ಮಗಳು ಒಂಬತ್ತನೇ ತರಗತಿಯವರೆಗೆ ಮೈಸೂರಿನಲ್ಲಿ ಓದಿ, ಆಮೇಲೆ ಅಪ್ಪ ಅಮ್ಮನ ಜೊತೆ ನ್ಯೂಜೆರ್ಸಿಗೆ ಬಂದವಳು. ಹನ್ನೆರಡನೇ ತರಗತಿಯಲ್ಲಿ ಎಪಿ ಗೌರ್ನಮೆಂಟ್ ತೆಗೆದುಕೊಂಡಳು. ಎಪಿ ಎಂದರೆ ಅಡ್ವಾನ್ಸ್‌ಡ್ ಪ್ಲೇಸ್‌ಮೆಂಟ್, ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ಪಾಠ; ಇದರ ವಿಷಯ ಅಮೆರಿಕದ ಸರ್ಕಾರ. ಮಾರ್ಚ್ ತಿಂಗಳ ಒಂದು ಭಾನುವಾರ, ಮಧ್ಯಾಹ್ನದ ಊಟ ಮುಗಿಸಿ ಅಡುಗೆಮನೆಯ ಮೇಜಿನ ಮೇಲೆ ತನ್ನ ಮೊದಲ ಅಭ್ಯಾಸ ಪತ್ರಿಕೆ ಹರಡಿದಳು. ಅಧ್ಯಕ್ಷರು ಹೊರಡಿಸಿದ ಕಾರ್ಯಾದೇಶವನ್ನು ಕಾಂಗ್ರೆಸ್ ಒಪ್ಪದಿದ್ದರೆ ಏನು ಮಾಡಬಹುದು, ವಿವರಿಸಿ ಎಂಬುದು ಪ್ರಶ್ನೆ. ಅವಳು ಬರೆದದ್ದು: "ಅಮೆರಿಕದಲ್ಲಿ ಚೆಕ್ಸ್ ಆಂಡ್ ಬ್ಯಾಲೆನ್ಸಸ್ (ಸರ್ಕಾರದ ಅಂಗಗಳು ಒಂದನ್ನೊಂದು ತಡೆಯುವ ವ್ಯವಸ್ಥೆ) ಇದೆ. ಆದ್ದರಿಂದ ಕಾಂಗ್ರೆಸ್ ಅಧ್ಯಕ್ಷರನ್ನು ನಿಯಂತ್ರಿಸುತ್ತದೆ."

ಅಂಕ ಸೊನ್ನೆ. "ಚಿಕ್ಕಮ್ಮ, ಇದರಲ್ಲಿ ತಪ್ಪೇನಿದೆ ಹೇಳು" ಅಂದಳು. ತಪ್ಪೇನೂ ಇರಲಿಲ್ಲ. ಉತ್ತರವೇ ಇರಲಿಲ್ಲ, ಅಷ್ಟೇ. ಊರಿನಲ್ಲಿ ರಾಜ್ಯಶಾಸ್ತ್ರ ಎಂಎ ಮಾಡಿದ ನನಗೆ ಆ ಉತ್ತರದ ಗುರುತು ಚೆನ್ನಾಗಿತ್ತು. ನಾವೆಲ್ಲ ಬರೆದು ಪಾಸಾದದ್ದು ಹಾಗೆಯೇ. ಈ ಪರೀಕ್ಷೆಯಲ್ಲಿ ಅದು ನಡೆಯುವುದಿಲ್ಲ. ಇಲ್ಲಿ ಕೇಳುವುದು ಹೆಸರನ್ನಲ್ಲ, ನಡೆಯನ್ನು: ಯಾರು, ಯಾವ ಅಧಿಕಾರ ಹಿಡಿದು, ಏನು ಮಾಡುತ್ತಾರೆ, ಅದರಿಂದ ಏನಾಗುತ್ತದೆ. ಅದೇ ಉತ್ತರವನ್ನು ಆ ಸಂಜೆ ಹೀಗೆ ತಿದ್ದಿದೆವು: "ಖಜಾನೆಯಿಂದ ಹಣ ತೆಗೆಯಲು ಕಾಂಗ್ರೆಸ್ಸಿನ ಕಾನೂನು ಬೇಕು. ಆದೇಶ ಜಾರಿ ಮಾಡುವ ಇಲಾಖೆಗೆ ಕಾಂಗ್ರೆಸ್ ಆ ಕೆಲಸಕ್ಕೆಂದು ಹಣ ಕೊಡದಿದ್ದರೆ, ಆದೇಶ ಕಾಗದದ ಮೇಲಿದ್ದರೂ ಕೆಲಸಕ್ಕೆ ಬರುವುದಿಲ್ಲ." ಎರಡೇ ವಾಕ್ಯ, ಪೂರ್ತಿ ಅಂಕ. ಆಮೇಲಿನ ಆರು ವಾರ ನಾವು ಮಾಡಿದ್ದೆಲ್ಲ ಈ ತಿದ್ದುಪಡಿಯನ್ನೇ ಬೇರೆ ಬೇರೆ ವಿಷಯಗಳ ಮೇಲೆ ಮಾಡಿದ್ದು. ಆ ಕ್ರಮವನ್ನು ಇಲ್ಲಿ ಬರೆಯುತ್ತಿದ್ದೇನೆ. ಕಾಲೇಜಿನ ಅಮೆರಿಕನ್ ಗೌರ್ನಮೆಂಟ್ ಫೈನಲ್ ಬರೆಯುವವರಿಗೂ ಇದರಲ್ಲಿ ಬಹುಪಾಲು ಹೊಂದುತ್ತದೆ.

ಮೊದಲು ಪತ್ರಿಕೆಯ ಅಳತೆ ತಿಳಿಯಿರಿ

ಪರೀಕ್ಷೆ ಮೇ ತಿಂಗಳಲ್ಲಿ, ಒಟ್ಟು ಮೂರು ಗಂಟೆ. ಮೊದಲ ಭಾಗ 55 ಬಹು ಆಯ್ಕೆ ಪ್ರಶ್ನೆ, 80 ನಿಮಿಷ, ಅರ್ಧ ಅಂಕ. ಒಂದು ಪ್ರಶ್ನೆಗೆ ಸುಮಾರು 87 ಸೆಕೆಂಡ್ ಸಿಗುತ್ತದೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ, ಹಾಗಾಗಿ ಒಂದನ್ನೂ ಖಾಲಿ ಬಿಡಬೇಡಿ. ಎರಡನೇ ಭಾಗ ನಾಲ್ಕು ಬರವಣಿಗೆ ಪ್ರಶ್ನೆ, 100 ನಿಮಿಷ, ಉಳಿದ ಅರ್ಧ ಅಂಕ. ಸನ್ನಿವೇಶ ಕೊಟ್ಟು ಕೇಳುವ ಪ್ರಶ್ನೆಗೆ 3 ಅಂಕ, ಅಂಕಿಅಂಶದ ಪ್ರಶ್ನೆಗೆ 4, ಸುಪ್ರೀಂ ಕೋರ್ಟ್ ತೀರ್ಪುಗಳ ಹೋಲಿಕೆಗೆ 4, ವಾದದ ಪ್ರಬಂಧಕ್ಕೆ 6. ಹೊರಗೆ ಹೀಗೆ ಕಂಡರೂ ನಾಲ್ಕರ ತೂಕವೂ ಒಂದೇ, ತಲಾ ಶೇ. 12.5. ಪ್ರಬಂಧಕ್ಕೆ 40 ನಿಮಿಷ, ಉಳಿದ ಮೂರಕ್ಕೆ ತಲಾ 20 ನಿಮಿಷ ಇಟ್ಟುಕೊಳ್ಳಿ. ಮೂರು ಅಂಕದ ಪ್ರಶ್ನೆ ಚಿಕ್ಕದೆಂದು ಅವಸರ ಮಾಡುವ ಮಕ್ಕಳು ಅಲ್ಲಿ ಕಳೆದುಕೊಳ್ಳುವ ಒಂದೊಂದು ಅಂಕವೂ ಪ್ರಬಂಧದ ಎರಡು ಅಂಕಕ್ಕೆ ಸಮ.

ಪಾಠ ಐದು ಘಟಕಗಳಲ್ಲಿದೆ. ಅಧ್ಯಕ್ಷ, ಕಾಂಗ್ರೆಸ್, ನ್ಯಾಯಾಂಗ, ಅಧಿಕಾರಶಾಹಿ ಸೇರಿದ ಎರಡನೇ ಘಟಕವೇ ಬಹು ಆಯ್ಕೆ ಭಾಗದ ಶೇ. 25ರಿಂದ 36. ಚುನಾವಣೆ, ಪಕ್ಷ, ಮಾಧ್ಯಮದ ಐದನೇ ಘಟಕ ಶೇ. 20ರಿಂದ 27. ಸಮಯ ಕಡಿಮೆ ಇದ್ದರೆ ಇವೆರಡರಿಂದ ಶುರು ಮಾಡಿ. ಪುಸ್ತಕದ ಮೊದಲ ಪುಟದಿಂದ ಶುರು ಮಾಡಿದವರು ಏಪ್ರಿಲ್ ಮುಗಿದರೂ 1787ರಲ್ಲೇ, ಸಂವಿಧಾನ ಬರೆಯುವಲ್ಲೇ ಇರುತ್ತಾರೆ.

ತಲೆಯಲ್ಲಿರುವ ಭಾರತವನ್ನು ಪಕ್ಕಕ್ಕಿಟ್ಟು ನೋಡಿ

ಈ ಹೆಜ್ಜೆಯನ್ನು ಇಂಗ್ಲಿಷಿನ ಗೈಡುಗಳು ಹೇಳುವುದಿಲ್ಲ. ಊರಿನಲ್ಲಿ ಪೌರನೀತಿ ಓದಿ ಬಂದ ಮಕ್ಕಳಿಗೆ, ಅವರಿಗೆ ಹೇಳಿಕೊಡಲು ಕೂರುವ ನಮ್ಮಂಥವರಿಗೆ ಇದು ಬೇಕೇ ಬೇಕು. ಗೊತ್ತಿಲ್ಲದ್ದಕ್ಕಿಂತ, ಗೊತ್ತಿದೆ ಅಂದುಕೊಂಡದ್ದು ಹೆಚ್ಚು ಅಂಕ ತಿನ್ನುತ್ತದೆ.

ಶಬ್ದಗಳಿಂದಲೇ ತೊಡಕು ಶುರು. ನಮಗೆ ಕಾಂಗ್ರೆಸ್ ಎಂದರೆ ಪಕ್ಷ, ಇಲ್ಲಿ ಶಾಸಕಾಂಗ. ನಮ್ಮ ರಾಜ್ಯಪಾಲರನ್ನು ರಾಷ್ಟ್ರಪತಿ ನೇಮಿಸುತ್ತಾರೆ. ಇಲ್ಲಿನ ಗವರ್ನರನ್ನು ರಾಜ್ಯದ ಜನರೇ ಆರಿಸುತ್ತಾರೆ, ಅವರು ನಮ್ಮ ಮುಖ್ಯಮಂತ್ರಿಗೆ ಹತ್ತಿರ. ನಮ್ಮ ಲೋಕಸಭೆಯ ಸ್ಪೀಕರ್ ಪಕ್ಷಾತೀತವಾಗಿ ನಡೆಯಬೇಕೆಂಬುದು ರೂಢಿ; ಇಲ್ಲಿನ ಪ್ರತಿನಿಧಿ ಸಭೆಯ ಸ್ಪೀಕರ್ ಬಹುಮತ ಪಕ್ಷದ ನಾಯಕರೇ, ಯಾವ ಮಸೂದೆ ಚರ್ಚೆಗೆ ಬರಬೇಕು ಎಂಬುದರಲ್ಲಿ ಅವರ ಮಾತು ದೊಡ್ಡದು.

ಇನ್ನು ದೊಡ್ಡ ವ್ಯತ್ಯಾಸ. ನಮ್ಮಲ್ಲಿ ಲೋಕಸಭೆಯ ಬಹುಮತ ಯಾರಿಗಿದೆಯೋ ಅವರದೇ ಸರ್ಕಾರ; ಬಹುಮತ ಹೋದರೆ ಸರ್ಕಾರವೂ ಹೋಯಿತು. ಇಲ್ಲಿ ಅಧ್ಯಕ್ಷರ ಅವಧಿ ನಾಲ್ಕು ವರ್ಷ, ಎರಡೂ ಸದನಗಳು ಎದುರು ಪಕ್ಷದ ಕೈಯಲ್ಲಿದ್ದರೂ ಅವರು ಕೂತೇ ಇರುತ್ತಾರೆ. ಕಾಂಗ್ರೆಸ್ ಸದಸ್ಯರಾಗಿದ್ದುಕೊಂಡೇ ಮಂತ್ರಿಯಾಗಲು ಸಂವಿಧಾನ ಬಿಡುವುದಿಲ್ಲ. ನಮ್ಮಲ್ಲಿ 1985ರಿಂದ ಪಕ್ಷಾಂತರ ನಿಷೇಧ ಕಾಯ್ದೆ ಇದೆ, ವಿಪ್ ಮೀರಿ ಮತ ಹಾಕಿದ ಸದಸ್ಯರು ಸ್ಥಾನವನ್ನೇ ಕಳೆದುಕೊಳ್ಳಬಹುದು. ಇಲ್ಲಿ ಅಂಥ ಕಾನೂನಿಲ್ಲ. "ಅಧ್ಯಕ್ಷರ ಪಕ್ಷಕ್ಕೇ ಬಹುಮತ ಇದೆಯಲ್ಲ, ಆದರೂ ಮಸೂದೆ ಯಾಕೆ ಬಿತ್ತು?" ಎಂದು ಅಕ್ಕನ ಮಗಳು ಎರಡು ಸಲ ಕೇಳಿದಳು. ಈ ಒಂದು ವ್ಯತ್ಯಾಸ ಮನಸ್ಸಿಗೆ ಇಳಿದ ಮೇಲೆ ಎರಡನೇ ಘಟಕದ ಅರ್ಧ ತಾನಾಗಿ ತಿಳಿಯಿತು. ಜೊತೆಗೆ ಕಾಂಗ್ರೆಸ್ಸಿನ ಮೇಲ್ಮನೆಯಾದ ಸೆನೆಟ್‌ನಲ್ಲಿ ಚರ್ಚೆ ಮುಗಿಸಿ ಮತಕ್ಕೆ ಹಾಕಲು ಸಾಮಾನ್ಯವಾಗಿ 60 ಮತ ಬೇಕು, 51 ಸಾಲದು ಎಂಬ ಫಿಲಿಬಸ್ಟರ್ (ಚರ್ಚೆ ಎಳೆದು ಮಸೂದೆ ತಡೆಯುವ ತಂತ್ರ) ಲೆಕ್ಕವನ್ನೂ ಸೇರಿಸಿ ನೆನಪಿಡಿ.

ರಾಜ್ಯಸಭೆಗೆ ಕರ್ನಾಟಕದಿಂದ 12 ಜನ, ಉತ್ತರ ಪ್ರದೇಶದಿಂದ 31 ಜನ. ಸೆನೆಟ್‌ಗೆ ಕ್ಯಾಲಿಫೋರ್ನಿಯಾದಿಂದಲೂ ಇಬ್ಬರು, ವಯೋಮಿಂಗ್‌ನಿಂದಲೂ ಇಬ್ಬರು. ನಮ್ಮ ಸಂವಿಧಾನ ಶೇಷಾಧಿಕಾರವನ್ನು ಕೇಂದ್ರಕ್ಕೆ ಕೊಟ್ಟರೆ, ಇಲ್ಲಿನ 10ನೇ ತಿದ್ದುಪಡಿ ಕೇಂದ್ರಕ್ಕೆ ಕೊಡದ ಅಧಿಕಾರವನ್ನು ರಾಜ್ಯಗಳಿಗೆ ಅಥವಾ ಜನರಿಗೆ ಬಿಟ್ಟಿದೆ. ನಮ್ಮ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗಳು 65ಕ್ಕೆ ನಿವೃತ್ತರಾಗುತ್ತಾರೆ, ಇಲ್ಲಿಯ ಒಂಬತ್ತು ಜನಕ್ಕೆ ನಿವೃತ್ತಿ ವಯಸ್ಸೇ ಇಲ್ಲ. ಒಂದು ಹಾಳೆಯ ಮಧ್ಯೆ ಗೆರೆ ಎಳೆದು ಇವನ್ನು ಎರಡು ಕಡೆ ಬರೆದು ಗೋಡೆಗೆ ಅಂಟಿಸಿ. ಪರೀಕ್ಷೆಯಲ್ಲಿ ಭಾರತದ ಬಗ್ಗೆ ಒಂದಕ್ಷರವೂ ಬರೆಯಬೇಕಿಲ್ಲ. ಆ ಹಾಳೆ ಇರುವುದು ಕೈ ಹಳೆಯ ಅಭ್ಯಾಸಕ್ಕೆ ಜಾರದಿರಲಿ ಎಂದು.

ಒಂಬತ್ತು ದಾಖಲೆಗಳನ್ನು ಜಗಳದಂತೆ ಓದಿ

ಸ್ವಾತಂತ್ರ್ಯ ಘೋಷಣೆ, ಆರ್ಟಿಕಲ್ಸ್ ಆಫ್ ಕಾನ್‌ಫೆಡರೇಷನ್, ಅದರ ಬದಲಿಗೆ ಬಂದ ಸಂವಿಧಾನ, ಆ ಸಂವಿಧಾನವನ್ನು ಬೆಂಬಲಿಸಿ ಬರೆದ ಲೇಖನಗಳಾದ ಫೆಡರಲಿಸ್ಟ್ 10, 51, 70, 78, ವಿರೋಧಿಸಿ ಬರೆದ ಬ್ರೂಟಸ್ 1, ಮಾರ್ಟಿನ್ ಲೂಥರ್ ಕಿಂಗ್ 1963ರಲ್ಲಿ ಬರ್ಮಿಂಗ್‌ಹ್ಯಾಮ್ ಜೈಲಿನಿಂದ ಬರೆದ ಪತ್ರ. ಪ್ರಬಂಧದಲ್ಲಿ ಇವುಗಳಲ್ಲಿ ಒಂದನ್ನಾದರೂ ಸಾಕ್ಷಿಯಾಗಿ ಬಳಸಲೇಬೇಕು.

ಹದಿನೆಂಟನೇ ಶತಮಾನದ ಇಂಗ್ಲಿಷ್ ಕಷ್ಟ, ಅದರಲ್ಲಿ ಎರಡು ಮಾತಿಲ್ಲ. ಒಬ್ಬೊಬ್ಬರನ್ನೇ ಓದಿದರೆ ನಿದ್ದೆ ಬರುತ್ತದೆ, ಎದುರುಬದುರು ಕೂರಿಸಿ ಓದಿದರೆ ಬರುವುದಿಲ್ಲ. ಬ್ರೂಟಸ್ 1ರ ವಾದ: ಇಷ್ಟು ದೊಡ್ಡ ದೇಶದಲ್ಲಿ ಗಣರಾಜ್ಯ ಉಳಿಯದು, ಪ್ರತಿನಿಧಿಗಳು ಜನರಿಂದ ದೂರವಾಗುತ್ತಾರೆ, ಕೇಂದ್ರ ರಾಜ್ಯಗಳನ್ನು ನುಂಗುತ್ತದೆ. ಫೆಡರಲಿಸ್ಟ್ 10ರಲ್ಲಿ ಮ್ಯಾಡಿಸನ್ ವಾದ ಇದಕ್ಕೆ ಪೂರ್ತಿ ತಿರುಗುಮುರುಗು: ದೇಶ ದೊಡ್ಡದಿದ್ದಷ್ಟೂ ಬಣಗಳು ಹೆಚ್ಚು, ಯಾವ ಒಂದು ಬಣವೂ ಎಲ್ಲರನ್ನೂ ತುಳಿಯಲಾಗದು. ನಾವು ಇದನ್ನು ಬಾಯಿಮಾತಿನಲ್ಲಿ, ಕನ್ನಡದಲ್ಲೇ ಆಡಿದೆವು. ನಾನು ಬ್ರೂಟಸ್, ಅವಳು ಮ್ಯಾಡಿಸನ್. ಮಾರನೆಯ ದಿನ ಪಾತ್ರ ಬದಲು. ಕನ್ನಡದಲ್ಲಿ ವಾದ ಗಟ್ಟಿಯಾದ ಮೇಲೆ ಇಂಗ್ಲಿಷಿನಲ್ಲಿ ಮೂರು ವಾಕ್ಯ ಬರೆಯುವುದು ಅವಳಿಗೆ ಹತ್ತು ನಿಮಿಷದ ಕೆಲಸವಾಯಿತು.

ಉಳಿದವಕ್ಕೆ ಒಂದೊಂದು ಸಾಲು ಸಾಕು. 51: ಅಧಿಕಾರ ಹಂಚಿ, ಒಬ್ಬರ ಆಸೆ ಇನ್ನೊಬ್ಬರ ಆಸೆಯನ್ನು ತಡೆಯುವಂತೆ ಮಾಡುವುದು. 70: ಕಾರ್ಯಾಂಗಕ್ಕೆ ಒಬ್ಬನೇ ಮುಖ್ಯಸ್ಥ ಇರಬೇಕು, ಆಗ ಚುರುಕೂ ಇರುತ್ತದೆ, ತಪ್ಪಾದರೆ ಯಾರನ್ನು ಕೇಳಬೇಕೆಂಬುದೂ ಗೊತ್ತಿರುತ್ತದೆ. 78: ನ್ಯಾಯಾಂಗದ ಕೈಯಲ್ಲಿ ಕತ್ತಿಯೂ ಇಲ್ಲ, ಥೈಲಿಯೂ ಇಲ್ಲ, ಅದಕ್ಕೇ ಅಧಿಕಾರಾವಧಿಯ ಭದ್ರತೆ ಬೇಕು. ಆರ್ಟಿಕಲ್ಸ್ ಸೋತದ್ದು ಕೇಂದ್ರಕ್ಕೆ ತೆರಿಗೆ ಹಾಕುವ ಅಧಿಕಾರ ಇಲ್ಲದ್ದರಿಂದ. 1786-87ರಲ್ಲಿ ಮ್ಯಾಸಚೂಸೆಟ್ಸ್ ರೈತರು ಎದ್ದ ಶೇಸ್ ದಂಗೆ ಆ ದೌರ್ಬಲ್ಯವನ್ನು ಎಲ್ಲರ ಕಣ್ಣಿಗೆ ತೋರಿಸಿತು. ಕಿಂಗ್ ಪತ್ರವನ್ನು 14ನೇ ತಿದ್ದುಪಡಿಯ ಸಮಾನ ರಕ್ಷಣೆಯ ಮಾತಿನ ಜೊತೆ ಜೋಡಿಸಿ ಓದಿ.

ಹದಿನಾಲ್ಕು ಮೊಕದ್ದಮೆಗಳು: ಇಸವಿಯ ಸಾಲಲ್ಲ, ಸಂವಿಧಾನದ ಮಾತಿನ ಗುಂಪು

ಸೆಕೆಂಡ್ ಹ್ಯಾಂಡ್ ಗೈಡು ಕೊಂಡಿದ್ದರೆ ಅದರಲ್ಲಿ ಹದಿನೈದು ಇರಬಹುದು. 2022ರ ಡಾಬ್ಸ್ ತೀರ್ಪು, ಗರ್ಭಪಾತದ ಹಕ್ಕನ್ನು ಒಪ್ಪಿದ್ದ ರೋ ವರ್ಸಸ್ ವೇಡನ್ನು ರದ್ದು ಮಾಡಿದ ಮೇಲೆ ರೋ ಕಡ್ಡಾಯ ಪಟ್ಟಿಯಿಂದ ಹೊರಬಿತ್ತು. ಉಳಿದದ್ದನ್ನು ಇಸವಿಯ ಕ್ರಮದಲ್ಲಿ ಉರು ಹೊಡೆಯಬೇಡಿ. ಯಾವ ತೀರ್ಪು ಸಂವಿಧಾನದ ಯಾವ ಮಾತಿನ ಮೇಲೆ ನಿಂತಿದೆ ಎಂಬುದೇ ಪರೀಕ್ಷೆಯ ಮೊದಲ ಅಂಕ, ಗುಂಪನ್ನೂ ಹಾಗೇ ಕಟ್ಟಿ.

ಕೇಂದ್ರದ ಅಧಿಕಾರ ಎಲ್ಲಿಯವರೆಗೆ ಎಂಬುದಕ್ಕೆ ಮೆಕಲಕ್ ವರ್ಸಸ್ ಮೇರಿಲ್ಯಾಂಡ್ (1819) ಮತ್ತು ಲೋಪೆಜ್ (1995). ಮೊದಲನೆಯದು ಕೇಂದ್ರದ ಕೈ ಉದ್ದ ಮಾಡಿತು, ಎರಡನೆಯದು ತಡೆಯಿತು. ಕಾನೂನು ಸಂವಿಧಾನಕ್ಕೆ ಒಪ್ಪುತ್ತದೆಯೇ ಎಂದು ನೋಡುವ ಕೋರ್ಟಿನ ಪರಾಮರ್ಶೆಯ ಅಧಿಕಾರಕ್ಕೆ ಮಾರ್ಬರಿ (1803). ಧರ್ಮಕ್ಕೆ ಎಂಗಲ್ (1962) ಮತ್ತು ಯೋಡರ್ (1972): ಸರ್ಕಾರ ಧರ್ಮವನ್ನು ಹೇರಬಾರದು ಎಂಬುದು ಒಂದು, ಜನರ ಧರ್ಮಾಚರಣೆಗೆ ಅಡ್ಡ ಬರಬಾರದು ಎಂಬುದು ಇನ್ನೊಂದು. ಇವೆರಡನ್ನು ಅದಲುಬದಲು ಮಾಡದ ವಿದ್ಯಾರ್ಥಿಯನ್ನು ನಾನು ಇನ್ನೂ ನೋಡಿಲ್ಲ, ಇಲ್ಲಿ ಎರಡು ದಿನ ಹೆಚ್ಚು ಕೊಡಿ. ಮಾತು ಮತ್ತು ಪತ್ರಿಕೆಗೆ ಶೆಂಕ್ (1919), ಟಿಂಕರ್ (1969), ನ್ಯೂಯಾರ್ಕ್ ಟೈಮ್ಸ್ (1971), ಸಿಟಿಜನ್ಸ್ ಯುನೈಟೆಡ್ (2010). ಹಕ್ಕುಪತ್ರದ (ಸಂವಿಧಾನದ ಮೊದಲ ಹತ್ತು ತಿದ್ದುಪಡಿ) ಹಕ್ಕುಗಳನ್ನು ರಾಜ್ಯಗಳ ಮೇಲೂ ತಂದ ಗಿಡಿಯನ್ (1963) ಮತ್ತು ಮೆಕ್‌ಡೊನಾಲ್ಡ್ (2010). ಸಮಾನ ರಕ್ಷಣೆಗೆ, ಸರ್ಕಾರಿ ಶಾಲೆಗಳಲ್ಲಿ ಕರಿಯ ಬಿಳಿಯ ಮಕ್ಕಳನ್ನು ಬೇರೆ ಕೂರಿಸಬಾರದೆಂದ ಬ್ರೌನ್ (1954), ಬೇಕರ್ (1962), ಶಾ (1993).

ಪ್ರತಿಯೊಂದಕ್ಕೂ ಒಂದು ಕಾರ್ಡ್ ಮಾಡಿ. ಮುಂಭಾಗದಲ್ಲಿ ಮೊಕದ್ದಮೆಯ ಹೆಸರು ಬೇಡ, ಕಣ್ಣಿಗೆ ಕಟ್ಟುವ ಒಂದು ಚಿತ್ರ ಬರೆಯಿರಿ. ವಿಯೆಟ್ನಾಂ ಯುದ್ಧ ವಿರೋಧಿಸಿ ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಶಾಲೆಗೆ ಬಂದ ಮಕ್ಕಳು (ಟಿಂಕರ್). ವಕೀಲರಿಗೆ ದುಡ್ಡಿಲ್ಲದೆ ಫ್ಲಾರಿಡಾದ ಜೈಲಿನಿಂದ ಪೆನ್ಸಿಲಿನಲ್ಲಿ ಸುಪ್ರೀಂ ಕೋರ್ಟಿಗೆ ಅರ್ಜಿ ಬರೆದ ಕೈದಿ (ಗಿಡಿಯನ್). ಎಂಟನೇ ತರಗತಿಯ ಆಚೆ ಮಕ್ಕಳನ್ನು ಶಾಲೆಗೆ ಕಳಿಸದ, ಆಮಿಶ್ ಎಂಬ ಕ್ರೈಸ್ತ ಪಂಥದ ತಂದೆತಾಯಿ (ಯೋಡರ್). 1901ರಿಂದ ಕ್ಷೇತ್ರಗಳ ಗಡಿಯನ್ನೇ ಬದಲಿಸದ ಟೆನೆಸಿ ರಾಜ್ಯ (ಬೇಕರ್). ಹಿಂಭಾಗದಲ್ಲಿ ಸಂವಿಧಾನದ ಮಾತು, ತೀರ್ಪು, "ಏಕೆಂದರೆ" ಎಂದು ಶುರುವಾಗುವ ಒಂದು ವಾಕ್ಯ. ಆ ಏಕೆಂದರೆ ಇಲ್ಲದ ಕಾರ್ಡನ್ನು ನಾನು ಹರಿದು ಮತ್ತೆ ಬರೆಸುತ್ತಿದ್ದೆ.

ಹೋಲಿಕೆಯ ಪ್ರಶ್ನೆ ಹೇಗಿರುತ್ತದೆ ಎಂದು ಹತ್ತಿರದಿಂದ ನೋಡೋಣ. ನೀವು ಓದಿರದ ಮೊಕದ್ದಮೆಯೊಂದರ ವಿವರ ಕೊಡುತ್ತಾರೆ. 2014ರ ಗ್ರೀಸ್ ವರ್ಸಸ್ ಗ್ಯಾಲೊವೇ ತೆಗೆದುಕೊಳ್ಳಿ. ನ್ಯೂಯಾರ್ಕ್ ರಾಜ್ಯದ ಗ್ರೀಸ್ ಎಂಬ ಪಟ್ಟಣದ ಮಂಡಳಿ ತನ್ನ ಮಾಸಿಕ ಸಭೆಯನ್ನು ಪ್ರಾರ್ಥನೆಯಿಂದ ಆರಂಭಿಸುತ್ತಿತ್ತು. ಕೋರ್ಟ್ 5-4 ಮತದಿಂದ ಒಪ್ಪಿತು. ಎಂಗಲ್‌ನಲ್ಲಿ ಶಾಲೆಯ ಪ್ರಾರ್ಥನೆಯನ್ನು ಕೋರ್ಟ್ ಒಪ್ಪಿರಲಿಲ್ಲ. ಎರಡಕ್ಕೂ ಸಮಾನವಾದ ಮಾತು ಯಾವುದು? ಮೊದಲ ತಿದ್ದುಪಡಿಯ, ಸರ್ಕಾರ ಧರ್ಮವನ್ನು ಸ್ಥಾಪಿಸಬಾರದೆಂಬ ಮಾತು. ಅಲ್ಲಿಗೆ ಒಂದು ಅಂಕ. ತೀರ್ಪು ಯಾಕೆ ಬೇರೆಯಾಯಿತು? ಇಲ್ಲಿ ಹೆಚ್ಚಿನವರು "ಒಂದು ಶಾಲೆ, ಒಂದು ಸಭೆ" ಎಂದು ನಿಲ್ಲುತ್ತಾರೆ. ಅದು ವ್ಯತ್ಯಾಸ, ಕಾರಣವಲ್ಲ. ಹೀಗೆ ಬರೆಯಿರಿ: ಎಂಗಲ್‌ನಲ್ಲಿ ರಾಜ್ಯದ ಅಧಿಕಾರಿಗಳೇ ಪ್ರಾರ್ಥನೆ ರಚಿಸಿ ಸರ್ಕಾರಿ ಶಾಲೆಯ ಮಕ್ಕಳ ಮುಂದಿಟ್ಟರು, ಅದು ಸರ್ಕಾರವೇ ಧರ್ಮವನ್ನು ಬೆಂಬಲಿಸಿದಂತೆ, ಗ್ರೀಸ್‌ನಲ್ಲಿ ಕೇಳುತ್ತಿದ್ದವರು ವಯಸ್ಕರು, ಶಾಸನಸಭೆಗಳಲ್ಲಿ ಪ್ರಾರ್ಥನೆಯ ರೂಢಿ ಮೊದಲ ಕಾಂಗ್ರೆಸ್ಸಿನಿಂದಲೇ ಇದೆ, ಬಲವಂತ ಇರಲಿಲ್ಲ ಎಂದು ಕೋರ್ಟ್ ಕಂಡಿತು. ಕೊನೆಯ ಅಂಕ ಸಾಮಾನ್ಯವಾಗಿ, ತೀರ್ಪು ಒಪ್ಪದವರು ಏನು ಮಾಡಬಹುದು ಎಂಬಂಥದ್ದು. ಮಂಡಳಿಯ ಮುಂದಿನ ಚುನಾವಣೆಯಲ್ಲಿ ಪ್ರಾರ್ಥನೆ ನಿಲ್ಲಿಸುವ ಅಭ್ಯರ್ಥಿಗೆ ಮತ ಹಾಕಬಹುದು, ಯಾಕೆಂದರೆ ಕೋರ್ಟ್ ಪ್ರಾರ್ಥನೆಗೆ ಅವಕಾಶ ಕೊಟ್ಟಿತೇ ಹೊರತು ಮಾಡಲೇಬೇಕೆಂದು ಹೇಳಲಿಲ್ಲ. ಇಂಥ ಉತ್ತರ ಓದಿದಾಗ ನನಗೆ ನಿಜವಾಗಿ ಖುಷಿಯಾಗುತ್ತದೆ.

ಅಂಕಿಅಂಶದ ಪ್ರಶ್ನೆ

ಸಂಖ್ಯೆ ಓದುವುದು ಸುಲಭ, ಅದನ್ನು ಸರ್ಕಾರದ ನಡೆಗೆ ಕಟ್ಟುವುದು ಕಷ್ಟ. ಮನೆಯಲ್ಲೇ ಮಾಡಬಹುದಾದ ಅಭ್ಯಾಸ ಇದು. 2020ರ ಜನಗಣತಿಯಂತೆ ಕ್ಯಾಲಿಫೋರ್ನಿಯಾದ ಜನಸಂಖ್ಯೆ ಸುಮಾರು 3.95 ಕೋಟಿ, ಎಲೆಕ್ಟೋರಲ್ ಮತ (ಅಧ್ಯಕ್ಷರನ್ನು ಆರಿಸಲು ರಾಜ್ಯಕ್ಕೆ ಸಿಗುವ ಮತ) 54. ವಯೋಮಿಂಗ್ ಸುಮಾರು 5.77 ಲಕ್ಷ, ಮತ 3. ಭಾಗಿಸಿದರೆ ಒಂದು ಕಡೆ ಒಂದು ಮತಕ್ಕೆ ಸುಮಾರು 7.3 ಲಕ್ಷ ಜನ, ಇನ್ನೊಂದು ಕಡೆ 1.9 ಲಕ್ಷ. ಇಷ್ಟು ಬರೆದರೆ ವಿವರಣೆ. ಸೆನೆಟ್‌ನ ಎರಡು ಸ್ಥಾನ ಎಲ್ಲ ರಾಜ್ಯಕ್ಕೂ ಸಮಾನವಾಗಿ ಸೇರುವುದರಿಂದ ಚಿಕ್ಕ ರಾಜ್ಯದ ಮತದಾರರ ತೂಕ ಹೆಚ್ಚುತ್ತದೆ, ಇದು ಸಂಯುಕ್ತ ವ್ಯವಸ್ಥೆಯಲ್ಲಿ ರಾಜ್ಯಗಳಿಗೆ ಕೊಟ್ಟ ಸ್ಥಾನ ಎಂದು ಬರೆದರೆ ಉತ್ತರ. ಒಟ್ಟು 538, ಗೆಲ್ಲಲು 270. ಲಕ್ಷ, ಕೋಟಿಯಲ್ಲಿ ಯೋಚಿಸುವ ನಮ್ಮ ಮಕ್ಕಳು ಒಂದು ಎಚ್ಚರ ಇಟ್ಟುಕೊಳ್ಳಬೇಕು: 3.95 ಕೋಟಿ ಎಂದರೆ 39.5 ಮಿಲಿಯನ್. ಅವಸರದಲ್ಲಿ ಸೊನ್ನೆ ಜಾರುತ್ತದೆ.

ಮತದಾನದ ಹಕ್ಕಿನ ತಿದ್ದುಪಡಿಗಳು (15, 19, 24, 26), ಸಮೀಕ್ಷೆಯ ಸ್ಯಾಂಪಲ್, ಹಿತಾಸಕ್ತಿ ಗುಂಪುಗಳು, ಲಿಬರಲ್-ಕನ್ಸರ್ವೇಟಿವ್ ಆರ್ಥಿಕ ನಿಲುವುಗಳು, ಇವೆಲ್ಲ ಪಠ್ಯಪುಸ್ತಕದಲ್ಲಿ ಸಲೀಸಾಗಿ ಸಿಗುತ್ತವೆ. ಒಂದೊಂದಕ್ಕೆ ಒಂದು ಸಂಜೆ ಸಾಕು.

ಪ್ರಬಂಧ: ಆದರೂ, ಏಕೆಂದರೆ

ಆರು ಅಂಕದ ಲೆಕ್ಕ ಹೀಗಿದೆ: ವಾದದ ವಾಕ್ಯಕ್ಕೆ ಒಂದು, ಸಾಕ್ಷಿಗೆ ಮೂರು, ಸಾಕ್ಷಿ ವಾದವನ್ನು ಹೇಗೆ ಎತ್ತಿಹಿಡಿಯುತ್ತದೆ ಎಂಬ ತರ್ಕಕ್ಕೆ ಒಂದು, ಎದುರು ವಾದಕ್ಕೆ ಕೊಡುವ ಉತ್ತರಕ್ಕೆ ಒಂದು.

ಜನರ ಹಕ್ಕು ಕಾಪಾಡಲು ಬಲವಾದ ಕೇಂದ್ರ ಮೇಲೋ, ರಾಜ್ಯಗಳ ಅಧಿಕಾರ ಮೇಲೋ ಎಂದು ಪ್ರಶ್ನೆ ಇದೆ ಎನ್ನೋಣ. ಅಕ್ಕನ ಮಗಳ ಮೊದಲ ವಾಕ್ಯ: "ಎರಡಕ್ಕೂ ಒಳ್ಳೆಯದು ಕೆಟ್ಟದು ಇದೆ." ಇದಕ್ಕೆ ಅಂಕವಿಲ್ಲ, ಪಕ್ಷ ಹಿಡಿಯಲೇಬೇಕು. ತಿದ್ದಿದ ವಾಕ್ಯ: "ರಾಜ್ಯ ಸರ್ಕಾರಗಳು ಜನರಿಗೆ ಹತ್ತಿರವಿದ್ದರೂ ಹಕ್ಕು ಕಾಪಾಡಲು ಬಲವಾದ ಕೇಂದ್ರವೇ ಮೇಲು, ಏಕೆಂದರೆ ಚಿಕ್ಕ ಪ್ರದೇಶದಲ್ಲಿ ಒಂದೇ ಬಣ ಬಹುಮತ ಹಿಡಿದು ಉಳಿದವರನ್ನು ತುಳಿಯುವುದು ಸುಲಭ." ಮೊದಲ ಸಾಕ್ಷಿ ಫೆಡರಲಿಸ್ಟ್ 10. ಎರಡನೆಯದು ಬ್ರೌನ್ ತೀರ್ಪು, ಅದನ್ನು ಅರ್ಕನ್ಸಾ ರಾಜ್ಯ ತಡೆದಾಗ 1957ರಲ್ಲಿ ಅಧ್ಯಕ್ಷ ಐಸೆನ್‌ಹೋವರ್ ಲಿಟಲ್ ರಾಕ್‌ಗೆ ಸೈನ್ಯ ಕಳಿಸಿದ್ದು. ಎದುರು ವಾದಕ್ಕೆ ಬ್ರೂಟಸ್: ದೂರದ ಕೇಂದ್ರ ಜನರನ್ನು ಮರೆಯುತ್ತದೆ. ಉತ್ತರ: 10ನೇ ತಿದ್ದುಪಡಿಯಿಂದ ದಿನನಿತ್ಯದ ಬಹುಪಾಲು ಆಡಳಿತ ರಾಜ್ಯಗಳಲ್ಲೇ ಉಳಿದಿದೆ, ಲಿಟಲ್ ರಾಕ್‌ನಲ್ಲಿ ಕೇಂದ್ರ ಬಂದದ್ದು ರಾಜ್ಯವೇ ಹಕ್ಕು ಕಿತ್ತುಕೊಂಡಾಗ. ಎದುರು ವಾದವನ್ನು ಹೇಳಿ ಬಿಟ್ಟುಬಿಟ್ಟರೆ ಅಂಕ ಬರುವುದಿಲ್ಲ, ಅದಕ್ಕೆ ಮರುಮಾತು ಕೊಡಬೇಕು. ಪೀಠಿಕೆ, ಅಲಂಕಾರ, ಉಪಸಂಹಾರ ಯಾವುದಕ್ಕೂ ಅಂಕವಿಲ್ಲ.

ಆರು ವಾರ ಹಂಚುವುದು

ಮೊದಲ ಎರಡು ವಾರ ಎರಡನೇ ಘಟಕ ಮತ್ತು ಐದನೇ ಘಟಕ. ಮೂರನೇ ವಾರ ದಾಖಲೆಗಳು. ನಾಲ್ಕನೇ ವಾರ ಮೊಕದ್ದಮೆಗಳು, ಜೊತೆಗೆ ಹಕ್ಕುಗಳ ಘಟಕ. ಐದನೇ ವಾರ ಬರೀ ಬರವಣಿಗೆ: ಈ ಪರೀಕ್ಷೆ ನಡೆಸುವ ಕಾಲೇಜ್ ಬೋರ್ಡ್ ತನ್ನ ಜಾಲತಾಣದಲ್ಲಿ ಹಳೆಯ ವರ್ಷಗಳ ಬರವಣಿಗೆ ಪ್ರಶ್ನೆಗಳನ್ನು, ಅಂಕ ಕೊಡುವ ಕ್ರಮವನ್ನು, ವಿದ್ಯಾರ್ಥಿಗಳ ನಿಜವಾದ ಉತ್ತರಗಳನ್ನು ಪುಕ್ಕಟೆ ಇಟ್ಟಿದೆ. ಉತ್ತರ ಬರೆದು, ಕೆಂಪು ಪೆನ್ನು ಹಿಡಿದು, ಆ ಕ್ರಮದಂತೆ ನೀವೇ ಅಂಕ ಕೊಡಿ. ನನ್ನ ಅನುಭವದಲ್ಲಿ ಯಾವ ಗೈಡಿಗಿಂತ ಹೆಚ್ಚು ಕಲಿಸಿದ್ದು ಇದೇ. ಪ್ರಶ್ನೆಯ ಕ್ರಿಯಾಪದಕ್ಕೆ ಗೆರೆ ಎಳೆಯಿರಿ: ಐಡೆಂಟಿಫೈ ಎಂದರೆ ಒಂದು ಸಾಲು, ಡಿಸ್ಕ್ರೈಬ್ ಎಂದರೆ ಎರಡು, ಎಕ್ಸ್‌ಪ್ಲೇನ್ ಎಂದರೆ "ಏಕೆಂದರೆ" ಇರಲೇಬೇಕು. ಆರನೇ ವಾರ ಗಡಿಯಾರ ಇಟ್ಟು ಎರಡು ಪೂರ್ತಿ ಪತ್ರಿಕೆ.

ಈ ವಿಷಯ ತಮಗೆ ಗೊತ್ತಿಲ್ಲವೆಂದು ಅಪ್ಪ ಅಮ್ಮಂದಿರು ದೂರ ನಿಲ್ಲಬೇಕಿಲ್ಲ. ಮಗು ಏನೇ ಹೇಳಲಿ, "ಅದನ್ನು ಯಾರು ತಡೆಯಬಹುದು? ಹೇಗೆ?" ಎಂದು ಕನ್ನಡದಲ್ಲೇ ಕೇಳಿ. ಅಧ್ಯಕ್ಷರ ವೀಟೋವನ್ನು? ಎರಡೂ ಸದನಗಳ ಮೂರನೇ ಎರಡು ಮತ. ಸುಪ್ರೀಂ ಕೋರ್ಟಿನ ಸಂವಿಧಾನದ ವ್ಯಾಖ್ಯಾನವನ್ನು? ತಿದ್ದುಪಡಿ, ಅದಕ್ಕೆ 50ರಲ್ಲಿ 38 ರಾಜ್ಯಗಳ ಒಪ್ಪಿಗೆ. ಪಾತ್ರೆ ತೊಳೆಯುವಾಗಲೂ ಈ ಆಟ ನಡೆಯುತ್ತದೆ.

ಪರೀಕ್ಷೆಯ ದಿನ

ಪರೀಕ್ಷೆ ಬ್ಲೂಬುಕ್ ಎಂಬ ಆ್ಯಪ್‌ನಲ್ಲಿ. ಅದನ್ನು ಮೊದಲೇ ಹಾಕಿಕೊಂಡು, ಅಭ್ಯಾಸದ ಪ್ರಶ್ನೆಗಳನ್ನು ಅದರಲ್ಲೇ ಟೈಪ್ ಮಾಡಿ ನೋಡಿ. ಹಿಂದಿನ ರಾತ್ರಿ ಲ್ಯಾಪ್‌ಟಾಪ್ ಪೂರ್ತಿ ಚಾರ್ಜ್ ಮಾಡಿಡಿ. ಬಹು ಆಯ್ಕೆ ಭಾಗದಲ್ಲಿ ಅನುಮಾನ ಬಂದದ್ದಕ್ಕೆ ಗುರುತು ಹಾಕಿ ಮುಂದೆ ಹೋಗಿ. ಆ ಭಾಗ ಮುಗಿದ ಮೇಲೆ ಹಿಂದಿರುಗಲು ಆಗುವುದಿಲ್ಲ. ಬರವಣಿಗೆ ಭಾಗ ತೆರೆದ ಕೂಡಲೇ ನಾಲ್ಕೂ ಪ್ರಶ್ನೆ ಓದಿ, ಪ್ರಬಂಧದ "ಆದರೂ, ಏಕೆಂದರೆ" ವಾಕ್ಯವನ್ನು ಕಚ್ಚಾ ಹಾಳೆಯಲ್ಲಿ ಗೀಚಿಟ್ಟುಕೊಳ್ಳಿ. ಆಮೇಲೆ ಮೊದಲ ಪ್ರಶ್ನೆಗೆ ಬನ್ನಿ.